ಕಂಪ್ಯೂಟರ್ ಸೈನ್ಸಾ, ಆರೋಗ್ಯ ವಿಜ್ಞಾನವಾ? ಪಿಯು ಅರ್ಜಿ ತುಂಬುವ ಮೊದಲು ನೋಡಬೇಕಾದ ಲೆಕ್ಕ

ಪ್ರಶ್ನೆ: ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ. ಶೇ 89 ಬಂದಿದೆ. ಒಂದು ದಿನ ಕಂಪ್ಯೂಟರ್ ಸೈನ್ಸ್ ಅಂತಾಳೆ, ಮರುದಿನ ನರ್ಸಿಂಗ್ ಇಲ್ಲಾ ಲ್ಯಾಬ್ ಕೋರ್ಸ್ ಅಂತಾಳೆ. ಡಾಕ್ಟರ್ ಆಗುವ ಆಸೆಯೂ ಒಳಗೊಳಗೇ ಇದೆ. ಪಿಯು ಕಾಲೇಜಿನಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಬೇಕಾ, ಪಿಸಿಎಂಸಿ (ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್) ಬೇಕಾ ಅಂತ ಕೇಳುತ್ತಿದ್ದಾರೆ. ನನ್ನ ಮೈದುನ, ‘ಕಂಪ್ಯೂಟರ್ ಓದೋದಾದ್ರೆ ಪಿಸಿಎಂಸಿನೇ ತಗೋಬೇಕು, ನರ್ಸಿಂಗ್‌ಗೆ ಯಾವ ಪರೀಕ್ಷೆನೂ ಬೇಡ, ಡೈರೆಕ್ಟ್ ಸೀಟು’ ಅಂತಾರೆ. ಎರಡೂ ಕಡೆ ಸೇರಿಸಿಕೊಳ್ಳಲು ಏನೇನು ಕೇಳುತ್ತಾರೆ? ಈಗಲೇ ಮಾಡಿಸಿ ಇಟ್ಟುಕೊಳ್ಳಬೇಕಾದ ಕಾಗದಪತ್ರ ಏನಾದರೂ ಇದೆಯಾ?
– ಒಬ್ಬ ತಾಯಿ, ಕಾಮಾಕ್ಷಿಪಾಳ್ಯ, ಬೆಂಗಳೂರು

ಉತ್ತರ: ನಿಮ್ಮ ಮೈದುನ ಹೇಳಿದ ಎರಡು ಮಾತೂ ಸರಿಯಿಲ್ಲ. ಆದರೆ ಅವರನ್ನು ಬೈಯಬೇಡಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಯಾವುದೇ ಪಿಯು ಕಾಲೇಜಿನ ಅಡ್ಮಿಷನ್ ಕೌಂಟರ್ ಮುಂದೆ ನಿಂತರೂ ಇದೇ ಮಾತು ಹತ್ತು ಬಾಯಲ್ಲಿ ಕೇಳಿಸುತ್ತದೆ.

ಅವಸರದ ಪ್ರಶ್ನೆಯನ್ನು ಮೊದಲು ಮುಗಿಸೋಣ. ಮಗಳಿಗೆ ಎರಡೂ ಕಡೆ ಮನಸ್ಸಿದೆ, ಗಣಿತ ಕಂಡರೆ ಕೈಕಾಲು ನಡುಗುವುದಿಲ್ಲ ಅಂತಾದರೆ ಪಿಸಿಎಂಬಿ ಕೊಡಿಸಿ. ಬಿಇ ಕಂಪ್ಯೂಟರ್ ಸೈನ್ಸ್ ಸೇರಲು ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಅನ್ನುವ ನಿಯಮ ಕರ್ನಾಟಕದಲ್ಲಿ ಇಲ್ಲ. ಫಿಸಿಕ್ಸ್ ಮತ್ತು ಗಣಿತ ಕಡ್ಡಾಯ. ಮೂರನೆಯದು ಕೆಮಿಸ್ಟ್ರಿ, ಬಯಾಲಜಿ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಇವುಗಳಲ್ಲಿ ಒಂದು ಇದ್ದರೆ ಸಾಕು. ಪಿಸಿಎಂಬಿ ಓದಿದವರಿಗೆ ಇದೆಲ್ಲ ತಾನಾಗಿಯೇ ಇರುತ್ತದೆ. ಆದರೆ ಎಂಬಿಬಿಎಸ್, ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ ಇವಕ್ಕೆ ಮಾರ್ಕ್ಸ್ ಕಾರ್ಡಿನಲ್ಲಿ ಬಯಾಲಜಿ ಇಲ್ಲದಿದ್ದರೆ ಅರ್ಜಿಯೇ ನಿಲ್ಲುವುದಿಲ್ಲ. ಬಯಾಲಜಿ ಓದಿದವಳು ಕಂಪ್ಯೂಟರ್‌ಗೆ ಹೋಗಬಹುದು. ಬಯಾಲಜಿ ಬಿಟ್ಟವಳು ಆಸ್ಪತ್ರೆ ಕಡೆಗೆ ಬರುವುದು ಕಷ್ಟ. ನಮ್ಮೂರಿನ ಒನ್‌ವೇ ರಸ್ತೆ ಹಾಗೆ ಇದು, ಒಂದೇ ದಿಕ್ಕು.

‘ಪಿಯುನಲ್ಲಿ ಪ್ರೋಗ್ರಾಮಿಂಗ್ ಓದದೆ ಬಿಇಗೆ ಹೋದರೆ ಹಿಂದೆ ಬೀಳುತ್ತಾಳೆ’ ಅಂತ ಯಾರಾದರೂ ಹೇಳಬಹುದು. ಮೊದಲ ಸೆಮಿಸ್ಟರಿನಲ್ಲಿ ಸ್ವಲ್ಪ ತಡವರಿಸಬಹುದು, ಅಷ್ಟೇ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಪ್ರೋಗ್ರಾಮಿಂಗನ್ನು ಅಆಇಈಯಿಂದಲೇ ಕಲಿಸುತ್ತಾರೆ. ಅಲ್ಲಿ ಮಕ್ಕಳನ್ನು ಕೂರಿಸಿ ಬೆವರಿಳಿಸುವುದು ಪ್ರೋಗ್ರಾಮಿಂಗ್ ಅಲ್ಲ, ಗಣಿತದ ಪೇಪರ್.

ಇನ್ನು ಮೂಲ ವಿಷಯಕ್ಕೆ ಬರುತ್ತೇನೆ. ಪ್ರವೇಶದ ಮಾತು ಬಂದಾಗ ಅರ್ಹತೆ ಬೇರೆ, ಸೀಟು ಬೇರೆ. ಶೇ 45 ಅನ್ನುವ ಅಂಕಿ ಎಲ್ಲ ಕಡೆ ಕಾಣಿಸುತ್ತದೆ. ಬಿಇಗೂ ಅದೇ, ಬಿಎಸ್ಸಿ ನರ್ಸಿಂಗ್‌ಗೂ ಅದೇ. ಮೀಸಲಾತಿ ಇರುವವರಿಗೆ ಎರಡೂ ಕಡೆ ಶೇ 40. ಎಂಬಿಬಿಎಸ್‌ಗೆ ಶೇ 50, ಮೀಸಲಾತಿಯವರಿಗೆ ಶೇ 40. ಇದನ್ನು ನೋಡಿ ‘ಅಯ್ಯೋ, ಇಷ್ಟೇನಾ’ ಅಂದುಕೊಳ್ಳುವವರು ಜಾಸ್ತಿ. ಈ ಅಂಕಿ ಸಾಲಿನಲ್ಲಿ ನಿಲ್ಲಲು ಬಿಡುತ್ತದೆ, ಅಷ್ಟೇ. ಸಾಲಿನಲ್ಲಿ ಎಷ್ಟನೆಯವರು ಅನ್ನುವುದನ್ನು ಬೇರೆ ಲೆಕ್ಕ ತೀರ್ಮಾನ ಮಾಡುತ್ತದೆ. ಕಂಪ್ಯೂಟರ್ ಮತ್ತು ಆರೋಗ್ಯ ವಿಜ್ಞಾನದ ನಡುವೆ ನಿಜವಾದ ವ್ಯತ್ಯಾಸ ಇರುವುದು ಆ ಲೆಕ್ಕದಲ್ಲಿ.

ಬಿಇ ಕಡೆಯಿಂದ ಶುರು ಮಾಡೋಣ. ಸರ್ಕಾರಿ ಕೋಟಾದ ಸೀಟುಗಳನ್ನು ಹಂಚುವುದು ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅದು ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ನಾಲ್ಕು ಪೇಪರ್. ಒಂದೊಂದಕ್ಕೂ 60 ಪ್ರಶ್ನೆ, 60 ಅಂಕ, 80 ನಿಮಿಷ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಬೋರ್ಡ್ ಪರೀಕ್ಷೆಯ ಪಿಸಿಎಂ ಅಂಕ ಅರ್ಧ, ಸಿಇಟಿಯ ಪಿಸಿಎಂ ಅಂಕ ಅರ್ಧ.

ಈ ಅರ್ಧ-ಅರ್ಧ ಏನು ಮಾಡುತ್ತದೆ ಅಂತ ಒಂದು ಉದಾಹರಣೆ ನೋಡಿ. ಒಬ್ಬಳಿಗೆ ಪಿಯುನಲ್ಲಿ ಪಿಸಿಎಂ ಸೇರಿ 300ಕ್ಕೆ 285 ಬಂತು, ಅಂದರೆ ಶೇ 95. ಮನೆಯವರು ಬೀದಿಗೆಲ್ಲ ಸಿಹಿ ಹಂಚಿದರು. ಸಿಇಟಿಯಲ್ಲಿ 180ಕ್ಕೆ 81, ಅಂದರೆ ಶೇ 45. ಎರಡರ ಸರಾಸರಿ 70. ಇನ್ನೊಬ್ಬಳಿಗೆ ಪಿಯುನಲ್ಲಿ 255, ಶೇ 85. ಸಿಇಟಿಯಲ್ಲಿ 117, ಶೇ 65. ಸರಾಸರಿ 75. ಬೋರ್ಡ್ ಪರೀಕ್ಷೆಯಲ್ಲಿ 30 ಅಂಕ ಹಿಂದಿದ್ದವಳು ರ‍್ಯಾಂಕ್ ಪಟ್ಟಿಯಲ್ಲಿ ಮುಂದೆ ಹೋದಳು. ಬೋರ್ಡಿನಲ್ಲಿ ಚೆನ್ನಾಗಿ ಓದುವ ಮಕ್ಕಳೆಲ್ಲ 80ರಿಂದ 98ರ ನಡುವೆ ಒತ್ತೊತ್ತಾಗಿ ನಿಂತಿರುತ್ತಾರೆ. ಸಿಇಟಿಯಲ್ಲಿ ಅದೇ ಮಕ್ಕಳು ದೂರ ದೂರ ಚೆದುರುತ್ತಾರೆ. ಅದಕ್ಕೇ ಕಂಪ್ಯೂಟರ್ ಸೈನ್ಸ್‌ಗೆ ಆಸೆಪಡುವವರು ಎರಡನೇ ಪಿಯು ಪರೀಕ್ಷೆ ಮುಗಿದ ಮೇಲೆ ಪುಸ್ತಕ ಮುಚ್ಚಬಾರದು. ಬೋರ್ಡ್ ಪರೀಕ್ಷೆ ಮತ್ತು ಸಿಇಟಿ ನಡುವಿನ ದಿನಗಳು ಬಹಳ ಬೆಲೆಯುಳ್ಳವು. ಆಗಲೇ ನೆಂಟರ ಮದುವೆಗಳೂ ಸಾಲಾಗಿ ಬರುತ್ತವೆ, ಅದಕ್ಕೇನು ಮಾಡೋಣ.

ಬೋರ್ಡ್ ಅಂಕ ಕಡಿಮೆ ಬಂತು ಅಂತಿಟ್ಟುಕೊಳ್ಳಿ. 2024ರಿಂದ ದ್ವಿತೀಯ ಪಿಯುಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಮೊದಲ ಪರೀಕ್ಷೆಯ ಅಂಕವೇ ಹಣೆಬರಹ ಅಲ್ಲ.

ಕಂಪ್ಯೂಟರ್ ಕಡೆ ಇನ್ನೂ ಬೇಕಾದಷ್ಟು ದಾರಿಗಳಿವೆ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ತಮ್ಮ ಪಾಲಿನ ಸೀಟಿಗೆ ಕಾಮೆಡ್-ಕೆ ಪರೀಕ್ಷೆ ಇದೆ. ಪಿಸಿಎಂ 180 ಪ್ರಶ್ನೆ, ಮೂರು ಗಂಟೆ. ಅಲ್ಲಿ ಬೋರ್ಡ್ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಅರ್ಹತೆಗೆ ಮಾತ್ರ. ಆದರೆ ಫೀಸು ಸಿಇಟಿ ಸೀಟಿಗಿಂತ ಬಹಳ ಜಾಸ್ತಿ. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ, ದೇಶಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್ ರ‍್ಯಾಂಕ್ ನೋಡುತ್ತದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಶುರು ಮಾಡಿದ ಬಿಟೆಕ್ ಮ್ಯಾಥಮ್ಯಾಟಿಕ್ಸ್ ಅಂಡ್ ಕಂಪ್ಯೂಟಿಂಗ್‌ಗೆ ಅದರ ಮುಂದಿನ ಹಂತವಾದ ಜೆಇಇ ಅಡ್ವಾನ್ಸ್ಡ್ ಬೇಕು. ಕೆಆರ್ ಸರ್ಕಲ್ಲಿನ ಯುವಿಸಿಇ, 1917ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ ಶುರುವಾದ ಕಾಲೇಜು, ಸಿಇಟಿ ರ‍್ಯಾಂಕಿನಿಂದಲೇ ಸಿಗುತ್ತದೆ. ಕಾಮಾಕ್ಷಿಪಾಳ್ಯದಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರ. ಹಾಸ್ಟೆಲ್ ಖರ್ಚು ಉಳಿಯುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯಾವ ಪ್ರವೇಶ ಪರೀಕ್ಷೆಯೂ ಬೇಡ ಅನ್ನುವವರಿಗೆ ಬಿಸಿಎ ಅನ್ನುವ ಕಂಪ್ಯೂಟರ್ ಪದವಿ ಇದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಿಯು ಅಂಕದ ಮೇಲೆ ಸೀಟು. ಕಾಮರ್ಸ್ ಮಕ್ಕಳೂ ಸೇರುತ್ತಾರೆ. ಆಮೇಲೆ ಪಿಜಿಸಿಇಟಿ ಬರೆದು ಎರಡು ವರ್ಷದ ಎಂಸಿಎ ಮಾಡಿದರೆ ಬಿಇ ಮಾಡಿದವರ ಪಕ್ಕದ ಕುರ್ಚಿಯಲ್ಲೇ ಕೂರಬಹುದು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಬರುತ್ತಾರೆ. ಹೀಗೆ ಕಂಪ್ಯೂಟರ್ ಕ್ಷೇತ್ರಕ್ಕೆ ಇಪ್ಪತ್ತನೇ ವಯಸ್ಸಿನಲ್ಲೂ ದಾರಿ ಸಿಗುತ್ತದೆ, ಇಪ್ಪತ್ತೈದರಲ್ಲೂ ಸಿಗುತ್ತದೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಹದಿನಾರನೇ ವಯಸ್ಸಿನಲ್ಲಿ ಆತುರಪಟ್ಟು ಹಿಡಿಯಬೇಕಾದ್ದು ಕಂಪ್ಯೂಟರ್ ಅಲ್ಲ. ತಪ್ಪಿದರೆ ಮತ್ತೆ ಸಿಗುವುದು ಕಷ್ಟ ಅನ್ನುವುದನ್ನು ಈಗ ಹಿಡಿದಿಟ್ಟುಕೊಳ್ಳಬೇಕು. ಅದು ಬಯಾಲಜಿ.

ಈಗ ಆರೋಗ್ಯ ವಿಜ್ಞಾನದ ಕಡೆ. ಇಲ್ಲಿ ಒಂದೇ ಗೇಟಿಲ್ಲ, ಕೋರ್ಸಿಗೊಂದು ಗೇಟು.

ಎಂಬಿಬಿಎಸ್, ಬಿಡಿಎಸ್, ಆಯುರ್ವೇದ, ಹೋಮಿಯೋಪತಿ, ಇವಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ, ನೀಟ್. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90 ಪ್ರಶ್ನೆ. ಒಟ್ಟು 180 ಪ್ರಶ್ನೆ, 720 ಅಂಕ. ಬಯಾಲಜಿ ಒಂದೇ ಅರ್ಧದಷ್ಟು. ಗಣಿತ ಇಲ್ಲವೇ ಇಲ್ಲ. ಪಿಯು ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಪಿಸಿಬಿಯಲ್ಲಿ ಶೇ 50 ದಾಟಿದ್ದರೆ ಮತ್ತು ಇಂಗ್ಲಿಷ್ ಪಾಸಾಗಿದ್ದರೆ ಸಾಕು. ಆ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಬಿಇಗೆ ಈ ವಯಸ್ಸಿನ ಗೊಡವೆ ಇಲ್ಲ. ಐದು ತುಂಬುವ ಮೊದಲೇ ಒಂದನೇ ಕ್ಲಾಸಿಗೆ ಸೇರಿಸಿದ ಮಕ್ಕಳು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ನಿಮ್ಮ ಮಗಳ ಜನ್ಮ ದಿನಾಂಕ ಒಮ್ಮೆ ನೋಡಿಕೊಳ್ಳಿ. ಕನ್ನಡ ಮಾಧ್ಯಮದವಳು ಅಂದಿರಲ್ಲ, ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಅರ್ಜಿ ಹಾಕುವಾಗಲೇ ಆರಿಸಬೇಕು, ಆಮೇಲೆ ಬದಲಿಸಲು ಆಗುವುದಿಲ್ಲ. ಕನ್ನಡದ ಜೊತೆ ಇಂಗ್ಲಿಷೂ ಇರುತ್ತದೆ. ಎರಡರ ನಡುವೆ ಗೊಂದಲ ಬಂದರೆ ಇಂಗ್ಲಿಷಿನದೇ ಅಂತಿಮ.

ಸಿಇಟಿ ಮತ್ತು ನೀಟ್ ಎರಡನ್ನೂ ಬರೆಯುವ ಮಕ್ಕಳು ಒಂದು ಕಡೆ ಎಡವುತ್ತಾರೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಒಂದು ಕಡಿತ. ಏನೂ ಗೊತ್ತಿಲ್ಲದ 20 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದಳು ಅನ್ನಿ. ನಾಲ್ಕರಲ್ಲಿ ಒಂದರಂತೆ ಐದು ಸರಿಯಾಗುತ್ತವೆ. ಸಿಇಟಿಯಲ್ಲಿ ಅದು 60ಕ್ಕೆ 5 ಅಂಕ, ಪುಕ್ಕಟೆ. ನೀಟ್‌ನಲ್ಲಿ 20 ಬಂದು 15 ಹೋಗುತ್ತದೆ, ಉಳಿಯುವುದು 720ಕ್ಕೆ 5. ಅದೃಷ್ಟ ಕೈಕೊಟ್ಟರೆ ಅದೂ ಇಲ್ಲ. ಹಾಗಾಗಿ ಸಿಇಟಿ ಓಎಂಆರ್ ಹಾಳೆಯಲ್ಲಿ ಒಂದೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗುವುದನ್ನು ಮೊದಲೇ ಅಭ್ಯಾಸ ಮಾಡಬೇಕು. ಎರಡೂ ಒಂದೇ ಥರ ನೀಲಿ-ಕಪ್ಪು ಪೆನ್ನಿನ ಪರೀಕ್ಷೆ ಅಂತ ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಒಯ್ದು ಕೆಡಿಸಿಕೊಳ್ಳುವವರನ್ನು ಪಾಠ ಮಾಡುವ ನಾವು ಪ್ರತಿ ವರ್ಷ ನೋಡುತ್ತೇವೆ.

ನೀಟ್ ‘ಕ್ವಾಲಿಫೈ’ ಆಯಿತು ಅನ್ನುವ ಮಾತಿಗೂ ಮರುಳಾಗಬೇಡಿ. ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್, ಮೀಸಲಾತಿಯವರಿಗೆ 40ನೇ ಪರ್ಸೆಂಟೈಲ್ ಬಂದರೆ ಕ್ವಾಲಿಫೈ. ಅದು ಶೇ 50 ಅಂಕ ಅಲ್ಲ, ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮೇಲೆ ಅಂತ ಅಷ್ಟೇ. ಸರ್ಕಾರಿ ಎಂಬಿಬಿಎಸ್ ಸೀಟು ಅದಕ್ಕಿಂತ ಎಷ್ಟೋ ಮೇಲೆ ಮುಗಿದುಹೋಗಿರುತ್ತದೆ. ಇನ್ನೊಂದು, ನೀಟ್ ಬರೆದ ಮಾತ್ರಕ್ಕೆ ರಾಜ್ಯದ ಸೀಟು ತಾನಾಗಿ ಬರುವುದಿಲ್ಲ. ಕೆಇಎಯಲ್ಲಿ ಬೇರೆಯಾಗಿ ನೋಂದಣಿ ಮಾಡಿಸಿ ದಾಖಲೆ ಪರಿಶೀಲನೆ ಮುಗಿಸಿರಬೇಕು. ಇದನ್ನು ಮರೆತು ಒಳ್ಳೇ ನೀಟ್ ರ‍್ಯಾಂಕ್ ಹಿಡಿದುಕೊಂಡು ಕೊನೇ ಗಳಿಗೆಯಲ್ಲಿ ಓಡಾಡುವವರು ಇದ್ದಾರೆ.

ಈಗ ನಿಮ್ಮ ಮೈದುನನ ‘ಡೈರೆಕ್ಟ್ ಸೀಟು’. ಬಿಎಸ್ಸಿ ನರ್ಸಿಂಗ್‌ನ ಸರ್ಕಾರಿ ಸೀಟುಗಳು, ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ ಸೀಟುಗಳು ಕೆಇಎ ಮೂಲಕವೇ ಹಂಚಿಕೆಯಾಗುತ್ತಿವೆ. ಸಿಇಟಿ ಬರೆದಿರಬೇಕು, ಬಯಾಲಜಿ ಪೇಪರೂ ಬರೆದಿರಬೇಕು. ಅರ್ಹತೆಗೆ ಪಿಸಿಬಿಯಲ್ಲಿ ಶೇ 45, ಇಂಗ್ಲಿಷ್ ಪಾಸ್, 17 ವರ್ಷ, ಮೇಲೆ ವೈದ್ಯಕೀಯ ಫಿಟ್‌ನೆಸ್ ಸರ್ಟಿಫಿಕೇಟ್. ಡೈರೆಕ್ಟ್ ಅಂತ ಅವರು ಹೇಳುತ್ತಿರುವುದು ಮ್ಯಾನೇಜ್‌ಮೆಂಟ್ ಸೀಟನ್ನು. ಅದು ದುಡ್ಡಿನ ಸೀಟು. ಅದಕ್ಕೂ ವಿಷಯ, ಅಂಕ, ವಯಸ್ಸಿನ ಅರ್ಹತೆ ತಪ್ಪುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಬೆಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳಿಗೂ ಬರವಿಲ್ಲ, ಏಜೆಂಟರಿಗೂ ಬರವಿಲ್ಲ. ನನ್ನ ಒಬ್ಬ ಹಳೇ ವಿದ್ಯಾರ್ಥಿನಿಯ ಅಪ್ಪ ಒಂದು ಕಾಲೇಜಿಗೆ ಅಡ್ವಾನ್ಸ್ ಕಟ್ಟಿ ಬಂದು ಆಮೇಲೆ ನನ್ನ ಹತ್ತಿರ ರಸೀದಿ ತೋರಿಸಿದರು. ರಸೀದಿಯಲ್ಲಿ ಟ್ರಸ್ಟಿನ ಹೆಸರಿತ್ತು, ಕಾಲೇಜಿನ ಹೆಸರೇ ಇರಲಿಲ್ಲ. ಯಾವ ಕೋರ್ಸಿಗೆ ಅಂತಲೂ ಬರೆದಿರಲಿಲ್ಲ. ಬ್ರೋಷರಿನಲ್ಲಿ ಮಾತ್ರ ಆಸ್ಪತ್ರೆಯ ದೊಡ್ಡ ಫೋಟೊ. ಹೀಗಾಗಬಾರದು ಅಂದರೆ ದುಡ್ಡು ಕೊಡುವ ಮೊದಲು ಮೂರು ಕಡೆ ಹೆಸರು ಹುಡುಕಿ: ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿ, ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿ, ರಾಜ್ಯ ನರ್ಸಿಂಗ್ ಪರಿಷತ್ತಿನ ಪಟ್ಟಿ. ಮೂರರಲ್ಲೂ ಇರಬೇಕು. ಓದು ಮುಗಿದ ಮೇಲೆ ಹೆಸರು ನೋಂದಾಯಿಸದೆ ನರ್ಸ್ ಆಗಿ ಕೆಲಸ ಮಾಡಲು ಬರುವುದಿಲ್ಲ. ಕಂಪ್ಯೂಟರ್ ಕಡೆ ಈ ಭಯ ಇಷ್ಟಿಲ್ಲ. ಸಾಫ್ಟ್‌ವೇರ್ ಬರೆಯಲು ಯಾವ ಪರಿಷತ್ತಿನ ಲೈಸೆನ್ಸೂ ಬೇಡ. ಕೆಲಸ ಬರುತ್ತದಾ ಅಂತ ನೋಡುತ್ತಾರೆ, ಮುಗಿಯಿತು. ಆರೋಗ್ಯ ವಿಜ್ಞಾನದಲ್ಲಿ ಡಿಗ್ರಿ ಎಲ್ಲಿಂದ ಬಂತು ಅನ್ನುವುದೇ ಕೆಲಸದ ಪರವಾನಗಿ.

ನರ್ಸಿಂಗ್‌ಗೆ ಇನ್ನೊಂದು ಚಿಕ್ಕ ದಾರಿ ಇದೆ. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ. ಇದಕ್ಕೆ ಪಿಯುನಲ್ಲಿ ಯಾವ ವಿಭಾಗ ಓದಿದ್ದರೂ ಆಗುತ್ತದೆ, ಇಂಗ್ಲಿಷ್ ಇರಬೇಕು, ಶೇ 40 ಇರಬೇಕು. ಮುಗಿಸಿ ನೋಂದಣಿ ಮಾಡಿಸಿಕೊಂಡು, ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಪಿಸಿಎಂಸಿ ಓದಿ ಆಮೇಲೆ ಮನಸ್ಸು ಬದಲಾದವರಿಗೆ ಇದೊಂದು ಆಸರೆ. ಪಿಸಿಎಂಸಿ ಮಕ್ಕಳಿಗೆ ಎಂಬಿಬಿಎಸ್ ಬಾಗಿಲೂ ಈಗ ಪೂರ್ತಿ ಮುಚ್ಚಿಲ್ಲ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ಪ್ರಕಟಣೆ ಹೊರಡಿಸಿತು. ಪಿಯು ಮುಗಿದ ಮೇಲೆ ಮಾನ್ಯತೆ ಇರುವ ಬೋರ್ಡಿನಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡವರೂ ನೀಟ್ ಬರೆಯಬಹುದು ಅಂತ. ಒಳ್ಳೆಯದೇ. ಆದರೆ ನೀಟ್‌ನಲ್ಲಿ 90 ಪ್ರಶ್ನೆ ಇರುವ ವಿಷಯವನ್ನು ಕಾಲೇಜು, ಲ್ಯಾಬ್, ಮೇಷ್ಟ್ರು ಯಾರೂ ಇಲ್ಲದೆ ಮನೆಯಲ್ಲಿ ಕೂತು ಓದುವ ಹುಡುಗಿ ಲಕ್ಷಕ್ಕೊಬ್ಬಳು. ಇದನ್ನು ನಂಬಿಕೊಂಡು ಈಗ ಬಯಾಲಜಿ ಬಿಡಬೇಡಿ.

ಲ್ಯಾಬ್ ಕೋರ್ಸ್ ಅಂತ ಮಗಳು ಹೇಳುತ್ತಿರುವುದು ಬಿಎಸ್ಸಿ ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿ ಇರಬೇಕು. ಅದು ಅಲೈಡ್ ಹೆಲ್ತ್ ಸೈನ್ಸಸ್ ಗುಂಪಿನದು. ಎಕ್ಸ್-ರೇ, ಸ್ಕ್ಯಾನಿಂಗ್‌ನ ಇಮೇಜಿಂಗ್ ಟೆಕ್ನಾಲಜಿ, ಆಪರೇಷನ್ ಥಿಯೇಟರ್ ಟೆಕ್ನಾಲಜಿ, ಡಯಾಲಿಸಿಸ್, ಅನಸ್ತೇಷಿಯಾ, ಇವೂ ಅದರಲ್ಲೇ ಬರುತ್ತವೆ. ಪಿಸಿಬಿ ಓದಿರಬೇಕು. ಮೂರು ವರ್ಷ ಓದು, ಮೇಲೊಂದು ವರ್ಷ ಇಂಟರ್ನ್‌ಷಿಪ್. ಇತ್ತೀಚೆಗೆ ಇವುಗಳ ಸರ್ಕಾರಿ ಕೋಟಾ ಸೀಟುಗಳನ್ನೂ, ಫಿಸಿಯೋಥೆರಪಿ ಸೀಟುಗಳನ್ನೂ ಕೆಇಎ ಹಂಚುತ್ತಿದೆ. ನಿಮ್ಹಾನ್ಸ್ ಮಾತ್ರ ತನ್ನ ನರ್ಸಿಂಗ್, ರೇಡಿಯೋಗ್ರಫಿ ಮುಂತಾದ ಕೋರ್ಸ್‌ಗಳಿಗೆ ತಾನೇ ಅರ್ಜಿ ಕರೆದು ತಾನೇ ಪರೀಕ್ಷೆ ನಡೆಸುತ್ತದೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ, ಆದರೂ ಹೊಸೂರು ರಸ್ತೆಯಲ್ಲೇ ಇರುವ ರಾಷ್ಟ್ರೀಯ ಸಂಸ್ಥೆಯನ್ನು ಬೆಂಗಳೂರಿನ ಮಕ್ಕಳೇ ಮರೆತರೆ ಹೇಗೆ? ಈ ಅಲೈಡ್ ಕೋರ್ಸ್‌ಗಳ ನಿಯಮಗಳು ಈಗ ಬದಲಾಗುತ್ತಿವೆ. 2021ರಲ್ಲಿ ಇವಕ್ಕೆಂದೇ ಒಂದು ಕೇಂದ್ರ ಕಾಯ್ದೆ ಬಂತು, ರಾಷ್ಟ್ರೀಯ ಆಯೋಗ ಬಂತು, ಅದರ ಹೊಸ ಪಠ್ಯಕ್ರಮಗಳು ಒಂದೊಂದಾಗಿ ಬರುತ್ತಿವೆ. ನಿಮ್ಮ ಮಗಳು ಅರ್ಜಿ ಹಾಕುವುದು ಎರಡು ವರ್ಷದ ನಂತರ. ಆ ವರ್ಷದ ಕೆಇಎ ಮಾಹಿತಿ ಪುಸ್ತಕವನ್ನೇ ನೋಡಿ. ಪಕ್ಕದ ಮನೆಯ ಅಕ್ಕ ಸೇರಿದಾಗ ಹೀಗಿತ್ತು ಅನ್ನುವುದು ಈ ಗುಂಪಿಗೆ ನಡೆಯುವುದಿಲ್ಲ.

ಫಾರ್ಮಸಿ ಎರಡೂ ಕಡೆಯವರಿಗೆ ಸಲ್ಲುವ ಕೋರ್ಸ್. ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಗಣಿತ ಇದ್ದರೂ ಸರಿ, ಬಯಾಲಜಿ ಇದ್ದರೂ ಸರಿ.

ಹೆಸರು ನೋಡಿ ಮೋಸ ಹೋಗುವುದು ಬಹಳ. ಮೆಡಿಕಲ್ ಎಲೆಕ್ಟ್ರಾನಿಕ್ಸ್, ಬಯೋಟೆಕ್ನಾಲಜಿ ಅಂತ ಬಿಇ ಕೋರ್ಸ್‌ಗಳಿವೆ. ಹೆಸರಲ್ಲಿ ‘ಮೆಡಿಕಲ್’, ‘ಬಯೋ’ ಇದ್ದರೂ ಅವು ಎಂಜಿನಿಯರಿಂಗ್. ಸೀಟು ಕೊಡುವುದು ಪಿಸಿಎಂ ರ‍್ಯಾಂಕಿನ ಮೇಲೆ, ಗಣಿತ ಬೇಕೇ ಬೇಕು. ಇತ್ತ ಇಮೇಜಿಂಗ್ ಟೆಕ್ನಾಲಜಿ ಅಂದರೆ ಏನೋ ಮಷಿನ್, ಕಂಪ್ಯೂಟರ್ ಅನ್ನಿಸುತ್ತದೆ. ದಿನವಿಡೀ ಸ್ಕ್ರೀನ್ ಮುಂದೆಯೇ ಕೆಲಸ, ನಿಜ. ಆದರೆ ಪ್ರವೇಶಕ್ಕೆ ಬಯಾಲಜಿ ಬೇಕು. ಕೋರ್ಸಿನ ಹೆಸರು ಬದಿಗಿಟ್ಟು ‘ಯಾವ ರ‍್ಯಾಂಕ್ ನೋಡುತ್ತಾರೆ’ ಅಂತ ಒಂದೇ ಪ್ರಶ್ನೆ ಕೇಳಿ. ಪಿಸಿಎಂ ಅಂದರೆ ಎಂಜಿನಿಯರಿಂಗ್ ಕಡೆ, ಪಿಸಿಬಿ ಅಂದರೆ ಆರೋಗ್ಯ ವಿಜ್ಞಾನದ ಕಡೆ.

ಪಿಸಿಎಂಬಿ ಅಂತ ನಾನು ಸಲೀಸಾಗಿ ಹೇಳಿದೆ, ಅದಕ್ಕೆ ಬೆಲೆ ಇಲ್ಲ ಅಂತಲ್ಲ. ನಾಲ್ಕೂ ಭಾರದ ವಿಷಯ. ಅದರ ಮೇಲೆ ಕನ್ನಡ ಮಾಧ್ಯಮದಿಂದ ಬಂದವಳು ಮೊದಲ ಪಿಯು ಶುರುವಿನಲ್ಲಿ ಇಂಗ್ಲಿಷ್ ಪಾಠದ ಜೊತೆಗೂ ಗುದ್ದಾಡಬೇಕು. ಬಯಾಲಜಿಯಲ್ಲಿ ಹೊಸ ಪದಗಳ ರಾಶಿ. ಮೊದಲ ಎರಡು ಮೂರು ತಿಂಗಳು ಟೆಸ್ಟಿನಲ್ಲಿ ಅಂಕ ಬಿದ್ದರೆ ಗಾಬರಿಯಾಗಿ ವಿಷಯ ಬಿಡಿಸಬೇಡಿ, ಆ ಮಕ್ಕಳು ಸಾಮಾನ್ಯವಾಗಿ ಅರ್ಧ ವರ್ಷದ ಹೊತ್ತಿಗೆ ಹಿಡಿತಕ್ಕೆ ಬರುತ್ತಾರೆ. ಆದರೆ ನಾಲ್ಕನ್ನೂ ಎರಡು ವರ್ಷ ಒಂದೇ ತೂಕದಲ್ಲಿ ಓದಿಸಬೇಡಿ. ಎರಡನೇ ಪಿಯು ದಸರಾ ರಜೆಯ ಹೊತ್ತಿಗೆ ಅವಳ ಒಲವು ಎತ್ತ ಅಂತ ಕಾಣಿಸಿರುತ್ತದೆ. ಡಾಕ್ಟರ್ ಅಂದರೆ ಗಣಿತವನ್ನು ಬೋರ್ಡ್ ಪಾಸಿನ ಮಟ್ಟಕ್ಕೆ ಇಳಿಸಿ ಬಯಾಲಜಿಗೆ ಸಮಯ ಕೊಡಲಿ. ಕಂಪ್ಯೂಟರ್ ಅಂದರೆ ಬಯಾಲಜಿಯನ್ನು ಇಳಿಸಲಿ. ನೀಟ್ ಕೋಚಿಂಗ್, ಸಿಇಟಿ ಕೋಚಿಂಗ್, ಜೆಇಇ ಕೋಚಿಂಗ್ ಮೂರೂ ಒಟ್ಟಿಗೆ ಅಂತ ಮಾರುವ ಪ್ಯಾಕೇಜುಗಳಿವೆ. ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಬರುವ ಹುಡುಗಿ ಯಾವಾಗ ಕೂತು ಲೆಕ್ಕ ಬಿಡಿಸುತ್ತಾಳೆ?

ಗಣಿತದಲ್ಲಿ ಎಸ್ಸೆಸ್ಸೆಲ್ಸಿಯಲ್ಲೇ ಕಷ್ಟಪಟ್ಟಿದ್ದರೆ, ಅಂಕ ಎಷ್ಟೇ ಬಂದಿರಲಿ, ಅವಳನ್ನು ಕೂರಿಸಿ ನೇರವಾಗಿ ಕೇಳಿ. ಗಣಿತ ಬೇಡವೇ ಬೇಡ ಅನ್ನುವವಳಿಗೆ ಕಂಪ್ಯೂಟರ್ ಸೈನ್ಸೂ ಹಿತವಾಗಿರುವುದಿಲ್ಲ. ಆಗ ಬಯಾಲಜಿ ಇರುವ, ಗಣಿತ ಇಲ್ಲದ ಕಾಂಬಿನೇಷನ್ ಕೆಲವು ಕಾಲೇಜುಗಳಲ್ಲಿ ಸಿಗುತ್ತದೆ. ನರ್ಸಿಂಗ್, ಲ್ಯಾಬ್, ಎಂಬಿಬಿಎಸ್ ಯಾವುದಕ್ಕೂ ಅಡ್ಡಿಯಿಲ್ಲ. ಬಿಇ ಮಾತ್ರ ಹೋಗುತ್ತದೆ.

ರಕ್ತ ಕಂಡರೆ ತಲೆ ಸುತ್ತುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಹೊತ್ತು ಹೊತ್ತಿಗೆ ವಾರ್ಡಿನಲ್ಲಿ ನಿಲ್ಲುವುದು. ಬಿಎಸ್ಸಿ ನರ್ಸಿಂಗ್‌ನಲ್ಲಿ ಪರೀಕ್ಷೆಗೆ ಕೂರಲು ಶೇ 80 ಹಾಜರಿ ಬೇಕು, ಡಿಗ್ರಿ ಕೈಗೆ ಬರುವ ಮೊದಲು ಪ್ರಾಕ್ಟಿಕಲ್ ಹಾಜರಿ ಶೇ 100 ಮುಗಿಸಿರಬೇಕು. ಎಂಜಿನಿಯರಿಂಗ್‌ನಲ್ಲಿ ಗೆಳತಿಯ ನೋಟ್ಸ್ ನೋಡಿ ಸೆಮಿಸ್ಟರ್ ದಾಟಿದವರು ಬೇಕಾದಷ್ಟಿದ್ದಾರೆ. ಇಲ್ಲಿ ಅದು ನಡೆಯುವುದಿಲ್ಲ. ಒಂದು ಸಂಜೆ ಮಗಳನ್ನು ಕರೆದುಕೊಂಡು ವಿಕ್ಟೋರಿಯಾ ಆಸ್ಪತ್ರೆ ಕಡೆ ಹೋಗಿ, ಡ್ಯೂಟಿ ಬದಲಾಗುವ ಹೊತ್ತಿಗೆ ಗೇಟಿನಲ್ಲಿ ಹೊರಬರುವ ವಿದ್ಯಾರ್ಥಿನಿಯರನ್ನು ಮಾತನಾಡಿಸಿ. ಮೂರು ಜನ ಕೌನ್ಸೆಲರ್‌ಗಳಿಗಿಂತ ಜಾಸ್ತಿ ಹೇಳುತ್ತಾರೆ.

ಕೊನೆಗೆ ಕಾಗದಪತ್ರ. ಎರಡೂ ಕಡೆಗೆ ಹೆಚ್ಚುಕಡಿಮೆ ಒಂದೇ ಕಟ್ಟು. ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿ, ಎಸ್ಸೆಸ್ಸೆಲ್ಸಿ ಅಥವಾ ಪಿಯು ಇಲ್ಲೇ ಪಾಸಾಗಿರುವುದು ಸರ್ಕಾರಿ ಸೀಟಿನ ಮುಖ್ಯ ಅರ್ಹತೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರ ಅದಕ್ಕೆ ಬೇಕು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ ಅಂದಿರಿ, ಅದಕ್ಕೆ ಶೇ 5 ಮೀಸಲಾತಿ ಇದೆ. ಬೆಂಗಳೂರು ನಗರದಲ್ಲೇ ಓದಿದವಳಿಗೆ ಗ್ರಾಮೀಣ ಮೀಸಲಾತಿ ಸಿಗುವುದಿಲ್ಲ, ಆದರೆ ಇದು ಸಿಗುತ್ತದೆ. ಇದನ್ನು ಬಿಟ್ಟುಕೊಡುವವರು ಎಷ್ಟು ಜನ ಅಂತೀರಿ! ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಮಾಡಿಸಿ. ಅದರ ಮೇಲೆ ಆರ್‌ಡಿ ನಂಬರ್ ಅಂತ ಇರುತ್ತದೆ, ಕೆಇಎ ಅದನ್ನೇ ನೋಡುವುದು. ಎಂಜಿನಿಯರಿಂಗ್‌ನಲ್ಲಿ ವರ್ಷದ ಆದಾಯ 8 ಲಕ್ಷದೊಳಗಿನ ಮನೆಯ ಮಕ್ಕಳಿಗೆ ಎಸ್‌ಎನ್‌ಕ್ಯೂ ಅಂತ ಶೇ 5 ಹೆಚ್ಚುವರಿ ಸೀಟುಗಳಿವೆ, ಬೋಧನಾ ಶುಲ್ಕ ಇರುವುದಿಲ್ಲ. ಹಾಗಾಗಿ ಆದಾಯ ಪತ್ರ ಸುಮ್ನೆ ಅಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್, ಜಾತಿ ಪತ್ರ ಮೂರರಲ್ಲೂ ಹೆಸರು ಮತ್ತು ಇನಿಷಿಯಲ್ ಒಂದೇ ಥರ ಇದೆಯಾ ಅಂತ ಈಗಲೇ ನೋಡಿ. ಬೇರೆ ಬೇರೆ ಇದ್ದರೆ ಸರಿಮಾಡಿಸಲು ನಿಮಗೆ ಎರಡು ವರ್ಷ ಸಮಯ ಇದೆ. ಸಿಇಟಿ ಅರ್ಜಿಯ ಕೊನೇ ವಾರದಲ್ಲಿ ಅದು ಸಿಗುವುದಿಲ್ಲ.

ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿ, ಶಾಲೆಯ ಸೀಲು ಬೇಕು. ಪ್ರೈಮರಿ ಒಂದು ಶಾಲೆ, ಹೈಸ್ಕೂಲು ಇನ್ನೊಂದು ಶಾಲೆ ಆಗಿದ್ದರೆ ಎರಡೂ ಕಡೆಯದು ಬೇಕಾಗುತ್ತದೆ. ಟಿಸಿ ತರಲು ಹೇಗೂ ಶಾಲೆಗೆ ಹೋಗುತ್ತೀರಿ, ಅವತ್ತೇ ಇದನ್ನೂ ಬರೆಸಿಕೊಂಡು ಬನ್ನಿ.